ಎಲ್ಲದಕ್ಕೂ ಡೆಡ್‌ಲೈನ್ ಯಾಕೆ?

ಮಾನ್ಯ ಸಂಪಾದಕರೇ,

ಈಚೆಗೆ ಯಾವುದಕ್ಕೆ ನೋಡಿದರೂ ಡೆಡ್‌ಲೈನ್ ಅನ್ನೋದು ಜಾಸ್ತಿಯಾಗಿದೆ. ಸಭೆ ಶುರುವಾಗುವ ಹೊತ್ತಿಗೂ ಅದೇ, ರೈಲು ಬಿಡುವ ಹೊತ್ತಿಗೂ ಅದೇ. ಅಚ್ಚುಮೊಳೆ ಜೋಡಿಸಿ ಬದುಕಿದವನು ನಾನು, ಕೇಳಿದಾಗೆಲ್ಲ ರೇಗುತ್ತದೆ. ಕೈಯಲ್ಲೊಂದು ಕೆಲಸವಿರಬೇಕು, ಅದು ಇಷ್ಟು ಹೊತ್ತಿಗೆ ಮುಗಿಯಲೇಬೇಕು. ಆಗ ಅದು ಡೆಡ್‌ಲೈನ್. ರೈಲಿಗೆ ಇರುವುದು ಹೊರಡುವ ಸಮಯ, ಅಷ್ಟೇ.

ಈ ಪದ ಹೆಸರಾದಾಗ ಅದಕ್ಕೂ ಗಡಿಯಾರಕ್ಕೂ ಸಂಬಂಧವೇ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲ. 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳ ಸೆರೆಮನೆ ಇತ್ತು. ಸುತ್ತ ಎತ್ತರದ ಮರದ ಗೋಡೆ. ಅದರಿಂದ ಸುಮಾರು 19 ಅಡಿ ಒಳಗೆ ಗೂಟ ನೆಟ್ಟು, ಮೇಲೊಂದು ಮರದ ಪಟ್ಟಿ ಹೊಡೆದಿದ್ದರು. ದಾಟಿದವನಿಗೆ ಕಾವಲುಗಾರನ ಗುಂಡು. ಬರೀ ಮುಟ್ಟಿದವರೂ ಸತ್ತಿದ್ದುಂಟು. ಅದೇ ಡೆಡ್‌ಲೈನ್. ಆಗ ಎರಡು ಪದವಾಗಿ ಬಿಡಿಸಿಯೂ ಬರೆಯುತ್ತಿದ್ದರು. ಅಲ್ಲಿನ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರಲ್ಲಿ ಗಲ್ಲಿಗೇರಿಸಿದರು. ಅವನ ಮೇಲಿನ ಆರೋಪಗಳಲ್ಲಿ ಈ ಗೆರೆಯ ಮಾತೂ ಇತ್ತು.

ಆಮೇಲೆ ಪದ ಅಚ್ಚಿನ ಯಂತ್ರಕ್ಕೆ ಬಂತು. ಈ ಗೆರೆಯಾಚೆ ಇಟ್ಟ ಅಕ್ಷರ ಸರಿಯಾಗಿ ಮೂಡುವುದಿಲ್ಲ ಅನ್ನುವ ಗುರುತು ಅದು. 1920ರ ಹೊತ್ತಿಗೆ ಅಮೆರಿಕದ ಪತ್ರಿಕೆಯವರು ಸುದ್ದಿ ಕೊಡುವ ಕೊನೇ ಹೊತ್ತಿಗೆ ಅದನ್ನೇ ಬಳಸುತ್ತಿದ್ದರು. ಅಂದರೆ ಈ ಅರ್ಥ ನಿಮ್ಮವರದ್ದೇ ಕೊಡುಗೆ, ಅಲ್ವಾ?

ಕೊನೆಗೊಂದು ದೂರು. ‘ಡೆಡ್‌ಲೈನ್ ಗಡುವು’ ಅಂತ ಎರಡನ್ನೂ ಸೇರಿಸಿ ಬರೆಯೋದನ್ನು ದಯವಿಟ್ಟು ಬಿಡಿಸಿ. ಸುಮ್ನೆ ಗಡುವು ಅಂದರೆ ಸಾಕು.

– ಒಬ್ಬ ನಿವೃತ್ತ ಕಂಪೋಸಿಟರ್