ಸಾಫ್ಟ್‌ವೇರ್ ದಾಖಲೆ ಕೈಯಿಂದ ಸೇರಿಸಬೇಡಿ

ನಮಸ್ಕಾರ. ಕಲಬುರಗಿ, ಸೇಡಂ ಎರಡೂ ಲ್ಯಾಬ್‌ಗಳ ಕಂಪ್ಯೂಟರ್‌ಗಳಲ್ಲಿ ಈಗ ಜಿಎಲ್‌ಪಿಐ (ಕಂಪ್ಯೂಟರ್, ಸಾಫ್ಟ್‌ವೇರ್‌ಗಳ ಲೆಕ್ಕ ಇಡುವ ವ್ಯವಸ್ಥೆ) ಏಜೆಂಟ್ ಎಂಬ ಚಿಕ್ಕ ಪ್ರೋಗ್ರಾಂ ಇದೆ. ಇನ್‌ಸ್ಟಾಲ್ ಆಗಿರುವುದನ್ನು ಓದಿ ಸರ್ವರ್‌ಗೆ ಕಳಿಸುತ್ತದೆ, ಅಲ್ಲಿ ದಾಖಲೆ ತಾನಾಗಿಯೇ ಆಗುತ್ತದೆ. ದಯವಿಟ್ಟು ಯಾರೂ ಮತ್ತೆ ಟೈಪ್ ಮಾಡಬೇಡಿ, ಸುಮ್ನೆ ಎರಡೆರಡು ಆಗುತ್ತವೆ.

ಜಾಸ್ತಿ ಗೊಂದಲ ಹೆಸರಿನಲ್ಲೇ. 7-ಜಿಪ್ ನೋಡಿ: ಅದರ ಹೆಸರಿನಲ್ಲೇ ಆವೃತ್ತಿ ಸೇರಿದೆ. ‘7-ಜಿಪ್ 19.00’ ಒಂದು ದಾಖಲೆ, ‘7-ಜಿಪ್ 23.01’ ಇನ್ನೊಂದು. ಇಂಥವನ್ನು ಅಳಿಸಿ ಉಪಯೋಗವಿಲ್ಲ. ಕಂಪ್ಯೂಟರಿನಲ್ಲಿ ಇರುವ ತನಕ ಏಜೆಂಟ್ ಕಳಿಸುವ ಮುಂದಿನ ಪಟ್ಟಿಯಲ್ಲಿ (ಇನ್ವೆಂಟರಿ) ಮತ್ತೆ ಬರುತ್ತವೆ. ಜಿಎಲ್‌ಪಿಐನ ಡಿಕ್ಷನರಿಯಲ್ಲಿ (ಬರುವ ಹೆಸರುಗಳನ್ನು ಬದಲಿಸುವ ನಿಯಮಗಳ ಪಟ್ಟಿ) ನಿಯಮ ಬರೆದು ಒಂದೇ ಹೆಸರಿಗೆ ತರಬೇಕು. ಬೇಡದ ಡ್ರೈವರ್, ಅಪ್‌ಡೇಟ್‌ಗಳನ್ನು ಅಲ್ಲೇ ತಡೆಯಬಹುದು. ಹಳೆಯ ದಾಖಲೆಗಳಿಗೂ ಅನ್ವಯಿಸಲು ನಿಯಮವನ್ನು ಮರು ಓಡಿಸಿ.

ಲೈಸೆನ್ಸ್ ಮಾತ್ರ ತಾನಾಗಿ ಬರಲ್ಲ. ಎಷ್ಟು ಕೊಂಡಿದ್ದೇವೆ ಅನ್ನೋದು ಏಜೆಂಟ್‌ಗೆ ಗೊತ್ತಾಗೋದಿಲ್ಲ ಅಲ್ವಾ? ಸೇಡಂನವರು ಬಿಲ್‌ಗಳ ಫೋಟೊ ಇಲ್ಲೇ ಹಾಕಿ, ನಾನು ಸೇರಿಸುತ್ತೇನೆ.