ಧಾರೆಯಲ್ಲಿ ನೆನೆದ ಕೈ

ಇಂಡಿ

ಪ್ರೀತಿಯ ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಬೆಳಗಾವಿಯ ಹಾಸ್ಟೆಲಿನಲ್ಲಿ ನಿನ್ನ ಕೋಣೆಯ ಗೆಳತಿ, ಪ್ರೀತಿಸಿದವನು ದೂರವಾದ ಮೇಲೆ, ರಾತ್ರಿಯೆಲ್ಲ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡನ್ನೇ ಕೇಳುತ್ತ ಮಲಗುತ್ತಾಳೆಂದೂ, ಅದು ಪ್ರೇಮಿಗಳ ಅಗಲಿಕೆಯ ಹಾಡಲ್ಲವೆಂದು ಯಾರೋ ಹೇಳಿದ್ದರಿಂದ ಅವಳಿಗೆ ಅದನ್ನು ತಿಳಿಸಬೇಕೋ ಬೇಡವೋ ಎಂಬ ಗೊಂದಲ ನಿನಗಾಗಿದೆಯೆಂದೂ ಬರೆದಿದ್ದೀಯ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲವಾದ್ದರಿಂದ ಕುಳಿತು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ನಿಜ. ಬೇಂದ್ರೆಯವರು ತಮ್ಮ ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಬರೆದ ಪದ್ಯವಿದು. ಮಾತನಾಡುತ್ತಿರುವವನು ಗಂಡ, ಎದುರಿಗೆ ಕುಳಿತವಳು ಹೆಂಡತಿ. ಮಗು ತೀರಿಹೋಯಿತೆಂದು ಪದ್ಯ ಬಿಡಿಸಿ ಹೇಳುವುದಿಲ್ಲ. ಆದ್ದರಿಂದಲೇ ಪಲ್ಲವಿಯನ್ನಷ್ಟೇ ಕೇಳಿದವರಿಗೆ ಇದು ಬಿಟ್ಟುಹೋಗುವ ಪ್ರೇಮಿಯ ಮಾತಿನಂತೆ ಕೇಳಿಸುತ್ತದೆ. ನೀನು ಕಳಿಸಿದ ವಿಡಿಯೋ ತುಣುಕಿನಲ್ಲಿಯೂ ಪಲ್ಲವಿ ಮಾತ್ರ ಇತ್ತು, ಅದರ ಹಿಂದೆ ರೈಲು ಹತ್ತುವ ಹುಡುಗನ ಚಿತ್ರ.

ಆದರೆ ಕವಿಯ ಬದುಕಿನ ಸಂಗತಿ ಗೊತ್ತಿರದಿದ್ದರೂ, ಮುಂದಿನ ನುಡಿಗಳನ್ನು ಒಂದೊಂದಾಗಿ ಕೇಳಿದರೆ ಹಾಡು ತಾನಾಗಿಯೇ ದಾರಿ ತೋರಿಸುತ್ತದೆ. ನಮ್ಮ ಕಡೆಯ ಅಡವಿಯ ಕವಳಿ ಕಂಟಿಯ ಹಣ್ಣು ಇಬ್ಬನಿಯಲ್ಲಿ ತೊಳೆದು ಹೊಳೆಯುವಂತೆ ಇದ್ದ ಕಣ್ಣುಗಳನ್ನು ನೆನೆದು, ಈಗ ಕಾಣುತ್ತಿರುವ ಈ ಕಣ್ಣು ನಿನ್ನವೇ ಏನು ಎಂದು ಅವನು ಹೆಂಡತಿಯನ್ನು ಕೇಳುತ್ತಾನೆ. ಅಷ್ಟರಲ್ಲಿ ಹುಣ್ಣಿಮೆಯ ಚಂದ್ರನ ಹೆಣ ಹಾಡುಹಗಲಲ್ಲಿ ಮುಗಿಲಿನಲ್ಲಿ ತೇಲುತ್ತ ಬಂದಂತೆ ಅವನ ಜೀವಕ್ಕೆ ದಿಗಿಲಾಗುತ್ತದೆ. ಮನೆಯಂಗಳದಿಂದ ಹೆಣ ಹೊರಟಿದ್ದನ್ನು ಕಂಡವನ ಕಣ್ಣಿಗೆ ಮಾತ್ರ ಚಂದ್ರ ಹಾಗೆ ಕಂಡಾನು. ಇನ್ನೊಂದು ನುಡಿಯಲ್ಲಿ ಧಾರೆಯಲ್ಲಿ ನೆನೆದ ಕೈಯ ಮಾತು ಬರುತ್ತದೆ. ಮದುವೆಯ ದಿನ ಧಾರೆ ಎರೆಯುವಾಗ ತಣ್ಣಗಿದೆಯೆಂದು ತಿಳಿದು ಅವಳು ಹಿಡಿದ ಅವನ ಕೈ, ಬೂದಿ ಮುಚ್ಚಿದ ಕೆಂಡವೆಂದು ಗೊತ್ತಾದ ಮೇಲೆಯೂ ಅವಳು ಅದನ್ನು ಬಿಡುತ್ತಿಲ್ಲ. ನಿನ್ನ ಗೆಳತಿ ಕೈಬಿಟ್ಟುಹೋದವನನ್ನು ನೆನೆಯುತ್ತ ಕೇಳುತ್ತಿರುವ ಹಾಡಿನಲ್ಲಿ ಯಾರೂ ಯಾರ ಕೈಯನ್ನೂ ಬಿಟ್ಟಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೊನೆಯ ಭಾಗ. ಕಣ್ಣಿನಲ್ಲಿ ಮಳೆ ಕಾಲೂರಿ ನಿಂತಿರುವಾಗ ನಡುನಡುವೆ ಈ ಹುಚ್ಚು ನಗೆ ಯಾಕೆ, ಅಳುವುದಾದರೆ ಅತ್ತುಬಿಡು ಎಂದು ಅವನು ಬೇಡಿಕೊಳ್ಳುತ್ತಾನೆ. ಗಂಡ ಕುಸಿದಾನೆಂದು ಅವಳು ನಗೆಯನ್ನು ತಂದುಕೊಂಡಿದ್ದಾಳೆ. ಅವಳ ನೋಟವನ್ನು ಎದುರಿಸಲಾರದೆ ಅವನು ನೋಡಬೇಡವೆಂದು ಹೇಳುತ್ತಿದ್ದಾನೆ. ಎಳೆಯ ಕೂಸನ್ನು ಕಳೆದುಕೊಂಡ ಮನೆಗಳಲ್ಲಿ ಗಂಡಹೆಂಡಿರು ಒಬ್ಬರಿಗೆ ಕಾಣದಂತೆ ಒಬ್ಬರು ಕಣ್ಣೊರೆಸಿಕೊಳ್ಳುವುದನ್ನು ನಾನು ಬಲ್ಲೆನಾದ್ದರಿಂದ, ಈ ಸಾಲುಗಳನ್ನು ಪ್ರೇಮಭಂಗದ ಖಾತೆಗೆ ಸೇರಿಸಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಹೇಳುವವನ ನೋವಿನಷ್ಟೇ ತೂಕ ಕೇಳುವವಳ ನೋವಿಗೂ ಇರುವ ಹಾಡು ಇದು.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ದೊಡ್ಡ ಧ್ವನಿಯಲ್ಲಿ ಹಾಕಿಕೊಂಡು ಹೋಗುವ ಪ್ರೇಮಭಂಗದ ಜಾನಪದ ಹಾಡುಗಳನ್ನು ನೀನೂ ಕೇಳಿ ಬೆಳೆದಿದ್ದೀಯ. ಅವುಗಳಲ್ಲಿ ಹುಡುಗನ ನೋವು ಸುಳ್ಳೆಂದು ನಾನು ಹೇಳುವುದಿಲ್ಲ, ಹಾಡುವವರ ಕಂಠವೂ ಒಳ್ಳೆಯದೇ. ಆದರೆ ಮೋಸ ಮಾಡಿದಳು, ಸಾಹುಕಾರನ ಮನೆ ಸೇರಿದಳು ಎಂದು ಹೆಸರಿಡಿಸಿಕೊಂಡ ಹುಡುಗಿಗೆ ಎಷ್ಟೋ ಹಾಡುಗಳಲ್ಲಿ ಒಂದು ನುಡಿಯೂ ದಕ್ಕುವುದಿಲ್ಲ. ಅಪ್ಪ ಅಣ್ಣಂದಿರು ಸೇರಿ ನಿಶ್ಚಯ ಮಾಡಿದ ಮದುವೆಗೆ ತಲೆಬಾಗಿದವಳನ್ನೂ ಅದೇ ಮಾತಿನಿಂದ ಬಯ್ಯುತ್ತಾರೆ. ಅಂಥ ಹಾಡು ಕೇಳಿದಾಗಲೆಲ್ಲ ಅವಳಿಗೆ ಹಾಡಲು ಬಿಟ್ಟಿದ್ದರೆ ಏನು ಹಾಡುತ್ತಿದ್ದಳು ಎಂದು ಒಮ್ಮೆ ಯೋಚಿಸು.

ಹಾಗೆಂದು ನಿನ್ನ ಗೆಳತಿ ಮಾಡುತ್ತಿರುವುದು ತಪ್ಪೆಂದು ತಿಳಿಯಬೇಡ. ನಮ್ಮ ಜಿಲ್ಲೆಯ ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗದವರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹವನ್ನು ತೆರೆದು ನೋಡು. ಆ ತ್ರಿಪದಿಗಳಲ್ಲಿ ‘ನಾನು’ ಎನ್ನುವವಳು ಯಾರೆಂದು ಯಾರೂ ಹೇಳಲಾರರು. ಬೀಸುವ ಕಲ್ಲಿನ ಮುಂದೆ ಕುಳಿತ ಪ್ರತಿಯೊಬ್ಬಳೂ ತವರಿನ ನೆನಪನ್ನೋ ಗಂಡನ ಮೇಲಿನ ಸಿಟ್ಟನ್ನೋ ಅದೇ ಸಾಲುಗಳಲ್ಲಿ ಹೇಳಿಕೊಂಡಳು. ತನ್ನ ದುಃಖಕ್ಕೆ ಮಾತು ಸಿಗದಾಗ ಬೇರೊಬ್ಬರ ಹಾಡನ್ನು ಎತ್ತಿಕೊಳ್ಳುವುದು ನಮ್ಮ ಹೆಂಗಸರಿಗೆ ಮೊದಲಿನಿಂದಲೂ ಇರುವ ಹಕ್ಕು. ಬೇಂದ್ರೆಯವರ ಪದ್ಯದ ಮೇಲೆಯೂ ಆ ಹುಡುಗಿಗೆ ಅಷ್ಟು ಹಕ್ಕಿದೆ.

ಆದ್ದರಿಂದ ಈಗಲೇ ಅವಳ ಮುಂದೆ ಅರ್ಥ ಬಿಡಿಸಲು ಹೋಗಬೇಡ. ಅಳುತ್ತಿರುವವಳಿಗೆ, ನೀನು ಅಳುತ್ತಿರುವ ಹಾಡು ಬೇರೆಯವರದು ಎಂದು ಹೇಳಿದರೆ ಅವಳ ದುಃಖವನ್ನು ಸಣ್ಣದು ಮಾಡಿದಂತಾಗುತ್ತದೆ. ಸರಿಯಾಗಿ ಉಣ್ಣುತ್ತಿದ್ದಾಳೆಯೇ, ಕ್ಲಾಸಿಗೆ ಹೋಗುತ್ತಿದ್ದಾಳೆಯೇ ಎಂಬುದನ್ನು ಮೊದಲು ನೋಡು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಅವಳೇ ಕೇಳಿದರೆ, ಪದ್ಯವನ್ನು ಪೂರ್ತಿಯಾಗಿ ಓದಿ ತೋರಿಸು. ಕೈಯಿಂದ ಬರೆದ ಪ್ರತಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಧಾರೆಯ ನುಡಿಯ ಹತ್ತಿರ ಅವಳು ಏನು ಹೇಳಿದಳೆಂದು ನನಗೆ ತಪ್ಪದೆ ಬರೆ.

ನಿನ್ನ
ಅವ್ವ