ಮಿಲ್ಟನ್ ಚಂಡಮಾರುತ ಬಂದ ವಾರದಲ್ಲಿ ಕೈಹಿಡಿದವರಿಗೆ

ಅಮೆರಿಕದ ಫ್ಲಾರಿಡಾದ ಟ್ಯಾಂಪಾದಲ್ಲಿ, ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ಕುಬ್ಜ ಕಡಲಕುದುರೆ ಮರಿ ಹಾಕಿದೆ. ಹೆತ್ತದ್ದು ಗಂಡು, ಈ ಕುಲದಲ್ಲಿ ಬಸಿರಿನ ಚೀಲ ಇರುವುದು ಅವನಿಗೇ. ಅಕ್ಟೋಬರಿನಲ್ಲಿ ನಾನು ಇವುಗಳ ಆಸೆಯನ್ನೇ ಬಿಟ್ಟಿದ್ದೆ. ಆಗ ಕೈಹಿಡಿದವರಿಗೆ ಕೃತಜ್ಞತೆ ಹೇಳಲು ಈ ಬರಹ.

ಹೆಲೀನ್ ಚಂಡಮಾರುತಕ್ಕೆ ತೋಯ್ದ ಸೋಫಾ, ಹಾಸಿಗೆಗಳು ಬೀದಿಬದಿಯಲ್ಲಿ ಇನ್ನೂ ರಾಶಿ ಬಿದ್ದಿರುವಾಗಲೇ, 2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಇಲ್ಲಿನ ಸಿಯೆಸ್ಟಾ ಕೀ ದ್ವೀಪದ ಬಳಿ ನೆಲಕ್ಕೆ ಅಪ್ಪಳಿಸಿತು. ಫ್ಲಾರಿಡಾದ 30 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಲ್ಲಿ ವಿದ್ಯುತ್ ಹೋಯಿತು. ನಮ್ಮಲ್ಲೂ ಹೋಯಿತು.

ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಈ ಮೀನಿಗೆ (ಹೌದು, ಇದು ಮೀನೇ) ಜಠರವಿಲ್ಲ. ತಿಂದದ್ದು ಬೇಗ ಸಾಗಿಹೋಗುವುದರಿಂದ ಹಗಲೆಲ್ಲ ಮೇಯುತ್ತಲೇ ಇರಬೇಕು. ಮೇವೂ ಜೀವಂತವಾಗಿರಬೇಕು: ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯ ಮರಿಗಳು. ಆ ಮೊಟ್ಟೆ ಒಡೆಯಲು ಉಪ್ಪುನೀರಿನಲ್ಲಿ ಹೆಚ್ಚುಕಡಿಮೆ ಒಂದು ದಿನ ಗಾಳಿಗುಳ್ಳೆ ಏಳುತ್ತಿರಬೇಕು. ಪಂಪ್ ನಿಂತರೆ ಮೇವಿಲ್ಲ, ಎ.ಸಿ. ನಿಂತರೆ ನೀರು ಬಿಸಿಯಾಗಿ ರೋಗಾಣುಗಳಿಗೆ ಹಬ್ಬ.

ಪಕ್ಕದ ಮನೆಯ ಹಿರಿಯರು ತಮ್ಮ ಇನ್ಸುಲಿನ್ ಕೆಡದಿರಲೆಂದು ಜನರೇಟರ್ ಹಚ್ಚಿದ್ದರು. ಪೆಟ್ರೋಲಿಗೆ ಉದ್ದುದ್ದ ಸಾಲು ನಿಂತಿದ್ದ ಆ ದಿನಗಳಲ್ಲಿ, ಕೇಳುವ ಮೊದಲೇ ಬೇಲಿಯ ಮೇಲಿಂದ ನಮ್ಮ ಪಂಪಿಗೊಂದು ವೈರ್ ಎಳೆದುಕೊಟ್ಟರು. ಅವರಿಗೆ ಕನ್ನಡ ಬಾರದು, ನಮ್ಮ ಚಕ್ಕುಲಿ ಮಾತ್ರ ಚೆನ್ನಾಗಿ ಗೊತ್ತು. ಕೃತಜ್ಞತೆಯನ್ನು ಆ ಮೂಲಕವೇ ಸಲ್ಲಿಸುತ್ತಿದ್ದೇನೆ. ಅಕ್ವೇರಿಯಂ ಅಂಗಡಿಯವರು ತಮ್ಮ ಚಾವಣಿಯೇ ಹಾರಿಹೋಗಿದ್ದರೂ ಫೋನ್ ಎತ್ತಿ, ತಂಪಾಗಿಸಿದ ಬಾಟಲಿಗಳನ್ನು ತೊಟ್ಟಿಯೊಳಗೆ ಯಾವ ಲೆಕ್ಕದಲ್ಲಿ ತೇಲಿಬಿಡಬೇಕೆಂದು ತಾಳ್ಮೆಯಿಂದ ಹೇಳಿಕೊಟ್ಟರು.

ಇನ್ನು ಒರ್ಲಾಂಡೋದ ಅಕ್ಕ. ನಿಮ್ಮ ಅಡುಗೆಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಯ ಪಕ್ಕ, ಸೋಡಾ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿ ಆರ್ಟೀಮಿಯಾ ಮರಿ ಮಾಡಿದಿರಿ. ಭಾವ ಅದನ್ನು ಥರ್ಮಾಸಿನಲ್ಲಿ ತುಂಬಿಕೊಂಡು, ಮರ ಬಿದ್ದ ರಸ್ತೆಗಳನ್ನು ತಪ್ಪಿಸಿ ಸುತ್ತಿ ಬಂದರು. "ಉಗುರಿನಷ್ಟು ಮೀನಿಗೆ ಇಷ್ಟು ಉಪಚಾರವೇ?" ಎಂದು ನಕ್ಕದ್ದು ನಿಜ. ಆದರೆ ಮರುದಿನವೂ ಬಂದರು.

ಕುಂದಾಪುರದಿಂದ "ನಾವೂ ಸಾಕಬಹುದೇ?" ಎಂದು ಕೇಳುತ್ತಿರುವ ಬಂಧುಗಳಿಗೆ ಒಂದು ಮಾತು: ದಯವಿಟ್ಟು ಬೇಡ. ಭಾರತದಲ್ಲಿ 2001ರಿಂದ ಕಡಲಕುದುರೆಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದೂ ಮಾರುವುದೂ ಅಪರಾಧ. ನಮ್ಮವು ಇಲ್ಲಿನ ಮೆಕ್ಸಿಕೋ ಕೊಲ್ಲಿಯ ಕಡಲಹುಲ್ಲಿನ ತಳಿ, ಅದರಲ್ಲೂ ತೊಟ್ಟಿಯಲ್ಲೇ ಹುಟ್ಟಿದವು.

ಅಕ್ಕ, ನಿಮ್ಮ ಬಾಟಲಿಗಳೂ ಥರ್ಮಾಸೂ ಇನ್ನೂ ನನ್ನಲ್ಲೇ ಇವೆ. ಮರಿಗಳ ಹಸಿವು ನೋಡಿದರೆ ಸದ್ಯಕ್ಕೆ ಹಿಂದಿರುಗಿಸುವ ಲಕ್ಷಣವಿಲ್ಲ.